ದಕ್ಷಿಣದ ಕಂಬಿ, ಉತ್ತರದ ಪ್ಯಾನೆಲ್

ಮನೆಯ ತಾರಸಿಗೆ ಸೋಲಾರ್ ಹಾಕುವ ಕೆಲಸಕ್ಕೆ ಈಗ ಬೇಕಾದಷ್ಟು ಹುಡುಗ ಹುಡುಗಿಯರು ಬರುತ್ತಿದ್ದಾರೆ. ಸಂತೋಷ. ಆದರೆ ತರಬೇತಿ ಮುಗಿಸಿ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಬಂದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, "ಮೇಡಂ, ತಿಂಗಳಿಗೆ ಎಷ್ಟು ಮನೆ ಹಿಡೀಬಹುದು?" ಎಂದು. ಮನೆ ಹಿಡಿಯುವುದಕ್ಕೆ ನೀವೇನು ಶನಿಯಾ ಎಂದು ನಾನು ತಿರುಗಿ ಕೇಳುತ್ತೇನೆ. ಅವರು ನಗುತ್ತಾರೆ. ನಾನು ನಗುವುದಿಲ್ಲ.

ನಾನು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಒಂದು ಸೋಲಾರ್ ಅಂಗಡಿಗೆ ಬಿಲ್ಲು ಬರೆಯಲು ಸೇರಿದವಳು. ಆಗ ಅಲ್ಲಿ ಮಾರುತ್ತಿದ್ದುದು ನೀರು ಕಾಯಿಸುವ ಸೋಲಾರ್ ಮಾತ್ರ. ಮನೆಗಳ ತಾರಸಿ ಅಳತೆಗೆ ಹೋಗುತ್ತಿದ್ದವನು ಒಂದು ದಿನ ಹೇಳದೆ ಕೇಳದೆ ಕೆಲಸ ಬಿಟ್ಟ. ಮಾಲೀಕರಾದ ಸೆಲ್ವರಾಜ್ ಸಾರ್ ಅಂಗಡಿಯಲ್ಲೆಲ್ಲ ಕಣ್ಣಾಡಿಸಿದರು, ಕಂಡವಳು ನಾನೊಬ್ಬಳೇ. "ಏಣಿ ಹತ್ತುತೀಯಾಮ್ಮಾ?" ಎಂದರು. ಹತ್ತಿದೆ. ನಿವೃತ್ತಿಯಾಗುವ ತನಕ ಇಳಿಯಲಿಲ್ಲ. ಸೀರೆ ಎತ್ತಿ ಸಿಕ್ಕಿಸಿಕೊಂಡು ಏಣಿ ಹತ್ತುವ ಹೆಂಗಸನ್ನು ನೋಡಲು ಮೊದಮೊದಲು ಬೀದಿಯವರೆಲ್ಲ ಬಂದು ನಿಲ್ಲುತ್ತಿದ್ದರು. ಆಮೇಲೆ 'ಏಣಿ ಮೇಡಂ' ಎಂಬ ಹೆಸರು ಖಾಯಂ ಆಯಿತು. ಸಂಬಳ ಯಾವಾಗ ಏರಿತು, ಕುರ್ಚಿ ಯಾವಾಗ ಬದಲಾಯಿತು ಎಂಬುದರಿಂದ ನಿಮಗೇನೂ ಆಗಬೇಕಾದ್ದಿಲ್ಲ. ನಿಮಗೆ ಬೇಕಾದದ್ದು ಬೂದಿಕೋಟೆ ಕಡೆಯ ಮುನಿರತ್ನಮ್ಮನ ಮನೆಯ ಕತೆ. ಈ ಕೆಲಸದಲ್ಲಿ ನಾನು ಕಲಿತದ್ದೆಲ್ಲ ಆ ಒಂದು ತಾರಸಿಯ ಮೇಲೆ ಕೆಲಸಕ್ಕೆ ಬಂತು.

ಮುನಿರತ್ನಮ್ಮ ಹಸು ಸಾಕಿ ಡೇರಿಗೆ ಹಾಲು ಹಾಕುವ ಹೆಂಗಸು. ಗಂಡ ನಾರಾಯಣಸ್ವಾಮಿ ತೋಟ ನೋಡಿಕೊಳ್ಳುತ್ತಿದ್ದರು. ಅದೇ ಮನೆಯಲ್ಲಿ ಮೈದುನ ಮಂಜುನಾಥ, ಅವನ ಹೆಂಡತಿ ಶೋಭಾ, ಅವರ ಇಬ್ಬರು ಹೆಣ್ಣುಮಕ್ಕಳು. ಮಂಜುನಾಥ ದಿನಾ ಬಂಗಾರಪೇಟೆಗೆ ಬೈಕಿನಲ್ಲಿ ಬಂದು, ರೈಲು ಹತ್ತಿ, ಬೆಂಗಳೂರಿನ ಹೊರಗಿನ ಒಂದು ಕಾರ್ಖಾನೆಗೆ ಹೋಗಿಬರುತ್ತಿದ್ದ. ಎರಡು ಸಂಸಾರ, ಒಂದೇ ಒಲೆ, ಒಂದೇ ಮೀಟರು.

"ಹಾಲಿನ ದುಡ್ಡು ಕೂಡಿಟ್ಟಿವ್ನಿ ಮೇಡಂ," ಎಂದರು ಮುನಿರತ್ನಮ್ಮ, ಹುಲ್ಲಿನ ಧೂಳು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ. "ಎಲ್ಡು ಸೀಮೆ ಅಸ ತರಾನ ಅಂತಿದ್ದೆ. ಈ ಕರೆಂಟ್ ಬಿಲ್ಲು ನೋಡಿ ಮನ್ಸು ಬದ್ಲಾಯ್ಸ್‌ದೆ. ಆಕಿದ್ ದುಡ್ಡು ಎಷ್ಟೊರ್ಸಕ್ಕೆ ವಾಪಸ್ ಬತ್ತದೆ, ಅದೊಂದ್ ಏಳ್ಬುಡಿ. ಇನ್ನೊಂದ್ ಕಿತ ಇಷ್ಟು ದುಡ್ಡು ನನ್ ಕೈಲಿ ಆಗಕಿಲ್ಲ."

ಇದು ಆಟದ ಮಾತಲ್ಲ. ಆ ದುಡ್ಡಿನಲ್ಲಿ ಎರಡು ಹಸು ಬಂದರೆ ನಾಳೆಯಿಂದಲೇ ಹಾಲು ಬರುತ್ತದೆ. ಪ್ಯಾನೆಲ್ ಬಂದರೆ ವರ್ಷಗಟ್ಟಲೆ ಕಾಯಬೇಕು. ಅಳತೆಯವಳ ಬಾಯಿಂದ ಬರುವ ಒಂದು ಅಂಕಿಯನ್ನು ನಂಬಿ ಆ ಹೆಂಗಸು ಹಸು ಬೇಡ ಎನ್ನಲು ಹೊರಟಿದ್ದರು.

ಅಂಕಿ ಹೇಳುವುದೇನೂ ಬ್ರಹ್ಮವಿದ್ಯೆಯಲ್ಲ. ಒಟ್ಟು ಖರ್ಚಿನಲ್ಲಿ ಸರ್ಕಾರದ ಸಹಾಯಧನ ಕಳೆಯಿರಿ. ಉಳಿದದ್ದನ್ನು ವರ್ಷಕ್ಕೆ ಎಷ್ಟು ಬಿಲ್ಲು ಉಳಿಯುತ್ತದೋ ಅದರಿಂದ ಭಾಗಿಸಿ. ನಮ್ಮ ಸೀಮೆಯ ಬಿಸಿಲಿಗೆ ಒಂದು ಕಿಲೋವಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಇಷ್ಟನ್ನು ಯಾರು ಬೇಕಾದರೂ ಮಾಡಬಹುದು, ಮೊಬೈಲೇ ಮಾಡಿಕೊಡುತ್ತದೆ. ಕಷ್ಟ ಇರುವುದು ಆ ಲೆಕ್ಕವನ್ನು ಕೆಡಿಸುವ ಸಂಗತಿಗಳನ್ನು ಮೊದಲೇ ಕಂಡುಹಿಡಿಯುವುದರಲ್ಲಿ.

ಮೊದಲನೆಯದು ಬಿಲ್ಲು. ಸರ್ಕಾರ ಮನೆಗಳಿಗೆ ಒಂದು ಮಿತಿಯ ತನಕ ಕರೆಂಟು ಪುಕ್ಕಟೆ ಕೊಡಲು ಶುರು ಮಾಡಿದ ಮೇಲೆ ನಮ್ಮ ಕೆಲಸದ ಬುಡವೇ ಅಲುಗಾಡಿತು. ಬಿಲ್ಲೇ ಇಲ್ಲದ ಮನೆಯಲ್ಲಿ ಉಳಿತಾಯ ಎಲ್ಲಿಂದ ಬರಬೇಕು? ರಾಬರ್ಟ್‌ಸನ್‌ಪೇಟೆಯ ಒಬ್ಬ ನಿವೃತ್ತ ಮೇಷ್ಟ್ರಿಗೆ, "ನಿಮ್ಮ ಬಿಲ್ಲು ಸೊನ್ನೆ. ನೀವು ಪ್ಯಾನೆಲ್ ಹಾಕಿಸಿದರೆ ಅದು ತಾರಸಿಗೆ ಅಲಂಕಾರ, ಅಷ್ಟೆ," ಎಂದುಬಿಟ್ಟೆ. ಅವರು ಮುಂಗಡ ಕೊಡಲು ಚೆಕ್ಕನ್ನು ಕೈಯಲ್ಲೇ ಹಿಡಿದಿದ್ದರು. ವಿಷಯ ಕೇಳಿ ಸೆಲ್ವರಾಜ್ ಸಾರ್ ತಲೆ ಚಚ್ಚಿಕೊಂಡರು. "ಎನ್ನಮ್ಮಾ ನೀನು, ಅಂಗಡಿಗೆ ಬೀಗ ಹಾಕೋಕೆ ಸೇರಿದೀಯಾ?" ಎಂದರು. ಮುಂದೆ ಆ ಮೇಷ್ಟ್ರು ಕಳಿಸಿದ ಗಿರಾಕಿಗಳೇ ಅಂಗಡಿಯ ಎರಡು ದೀಪಾವಳಿ ನಡೆಸಿದರು. ಸಾರ್ ಅದನ್ನು ಕೊನೆತನಕ ಒಪ್ಪಿಕೊಳ್ಳಲಿಲ್ಲ.

ಮುನಿರತ್ನಮ್ಮನ ಬಿಲ್ಲು ಹಾಗಿರಲಿಲ್ಲ. ಹಾಲು ಕರೆಯುವ ಮಿಷನ್ನು, ಮೇವು ಕತ್ತರಿಸುವ ಮಿಷನ್ನು, ನೀರಿನ ಮೋಟರು, ಎಲ್ಲ ಮನೆಯ ಮೀಟರಿನ ಮೇಲೇ. ಪ್ರತಿ ತಿಂಗಳೂ ಪುಕ್ಕಟೆ ಮಿತಿ ದಾಟಿ ಪೂರ್ತಿ ಬಿಲ್ಲು ಬರುತ್ತಿತ್ತು. ಇಂಥ ಮನೆಗೇ ಸೋಲಾರ್ ಹೇಳಿ ಮಾಡಿಸಿದ್ದು. ಐದು ವರ್ಷದ ಸುಮಾರಿಗೆ ದುಡ್ಡು ಮರಳುತ್ತದೆ ಎಂದು ನನ್ನ ಮನಸ್ಸು ಆಗಲೇ ಹೇಳುತ್ತಿತ್ತು. ಬಾಯಿ ಮಾತ್ರ ಸುಮ್ಮನಿತ್ತು, ಏಕೆಂದರೆ ತಾರಸಿ ನೋಡಿರಲಿಲ್ಲ.

ಅದಕ್ಕೆ ಮೊದಲು ಕೆಳಗೇ ಎರಡು ಮಾತು ಹೇಳಿದೆ. ಈ ಮಾತುಗಳನ್ನು ನೀವೂ ಪ್ರತಿ ಮನೆಯಲ್ಲೂ ಹೇಳಬೇಕು, ಗಿರಾಕಿ ಓಡಿಹೋದರೂ ಸರಿ. ಒಂದು, ಬ್ಯಾಟರಿ ಇಲ್ಲದ ಈ ಸೋಲಾರ್ ಕರೆಂಟು ಹೋದಾಗ ತಾನೂ ನಿಂತುಹೋಗುತ್ತದೆ. ಲೈನಿನ ಮೇಲೆ ಕೆಲಸ ಮಾಡುವವನ ಜೀವ ಉಳಿಯಲಿ ಎಂದು ಅದನ್ನು ಹಾಗೆ ಮಾಡಿದ್ದಾರೆ. ಇದನ್ನು ಯಾರೂ ಹೇಳದ ಕಾರಣ ಬಂಗಾರಪೇಟೆಯ ಒಬ್ಬ ಹಿಟ್ಟಿನ ಗಿರಣಿಯವನು ತಲೆ ಮೇಲೆ ಸೂರ್ಯ ಉರಿಯುತ್ತಿರುವಾಗ ಮನೆಯಲ್ಲಿ ಫ್ಯಾನ್ ತಿರುಗುತ್ತಿಲ್ಲವೆಂದು ನಮ್ಮ ಅಂಗಡಿ ಮುಂದೆ ಕೂತು ಕೂಗಾಡಿದ್ದ. ಅವನಿಗೆ ಮಾರಿದ್ದು ನಾವಲ್ಲ, ಬೇರೆಯವರು. ಆದರೂ ಬೈಗುಳ ತಿಂದವಳು ನಾನು.

ಎರಡು, ಪ್ಯಾನೆಲ್ ತೊಳೆಯಬೇಕು. ಕೆಜಿಎಫ್‌ನಲ್ಲಿ ಆಷಾಢದ ಗಾಳಿ ಎದ್ದರೆ ಗಣಿಯ ಮಣ್ಣಿನ ದಿಬ್ಬಗಳಿಂದ ಸಣ್ಣ ಧೂಳು ಹಾರಿಬಂದು ಎಲ್ಲದರ ಮೇಲೂ ಕೂರುತ್ತದೆ. ಒಗೆದು ಹಾಕಿದ ಬಟ್ಟೆಯನ್ನು ಬಿಡದ ಧೂಳು ಪ್ಯಾನೆಲ್ಲನ್ನು ಬಿಡುತ್ತದೆಯೇ? ನಮ್ಮ ಜನ ಅದನ್ನು ತೊಳೆಯುವುದು ಕೊಳವೆಬಾವಿಯ ಗಡಸು ನೀರಿನಲ್ಲಿ, ಅದೂ ಮಟಮಟ ಮಧ್ಯಾಹ್ನ. ನೀರು ಆರಿ ಗಾಜಿನ ಮೇಲೆ ಬಿಳಿ ಉಪ್ಪು ಉಳಿಯುತ್ತದೆ, ಇಡ್ಲಿ ಪಾತ್ರೆಯ ತಳದಲ್ಲಿ ಕಟ್ಟುತ್ತದಲ್ಲ, ಹಾಗೆ. ಧೂಳಾದರೂ ಮಳೆಗೆ ಹೋದೀತು, ಉಪ್ಪು ಹೋಗುವುದಿಲ್ಲ. ಬೆಳಿಗ್ಗೆ ತಂಪಿನಲ್ಲಿ ತೊಳೆದು, ನೀರು ಆರುವ ಮೊದಲೇ ಒರೆಸಿ ಎಂದೆ. ಮುನಿರತ್ನಮ್ಮ, "ಅಸ ತೊಳ್ಯೋಳಿಗೆ ಇದೇನ್ ಮಾ ಕೆಲ್ಸ ಬುಡಿ," ಎಂದರು.

ಆಮೇಲೆ ಏಣಿ ಹತ್ತಿದೆ.

ತಾರಸಿಗೆ ಹೋದಾಗ ನನ್ನ ಕಣ್ಣು ಮೊದಲು ಹೋಗುವುದು ನೈಋತ್ಯ ಮೂಲೆಗೆ. ನಮ್ಮ ಕಡೆ ವಾಸ್ತು ಪ್ರಕಾರ ಮನೆಯ ಎತ್ತರವೆಲ್ಲ ಆ ಮೂಲೆಯಲ್ಲೇ ಇರಬೇಕು. ನೀರಿನ ಟ್ಯಾಂಕೂ ಅಲ್ಲೇ, ಮೇಲೆ ರೂಮು ಕಟ್ಟಿದರೆ ಅದೂ ಅಲ್ಲೇ. ಪ್ಯಾನೆಲ್ಲಿಗೆ ಬೇಕಾದ ಬಿಸಿಲು ವರ್ಷದ ಬಹುಪಾಲು ದಕ್ಷಿಣದಿಂದ ಬರುತ್ತದೆ. ವಾಸ್ತು ಹೇಳಿದ ಕಡೆಯೇ ಎತ್ತರ ಎದ್ದರೆ ಅದರ ನೆರಳು ನೇರ ಪ್ಯಾನೆಲ್ಲಿನ ಮೇಲೆ. ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದಕ್ಕೆ ನೆರಳು ಬಿದ್ದರೂ ಇಡೀ ಸಾಲು ಸೊರಗುತ್ತದೆ. ಟ್ಯಾಂಕನ್ನು ಎರಡು ಮಾರು ಸರಿಸಿ ಎಂದಿದ್ದಕ್ಕೆ ಒಬ್ಬರು ನನ್ನನ್ನು ಮನೆಯಿಂದಲೇ ಸರಿಸಿದ್ದರು. ಅಷ್ಟು ಭಯ ಜನಕ್ಕೆ.

ಮುನಿರತ್ನಮ್ಮನ ತಾರಸಿಯಲ್ಲಿ ಟ್ಯಾಂಕು ಗಿಡ್ಡದಿತ್ತು, ಅದರಿಂದ ತೊಂದರೆಯಿರಲಿಲ್ಲ. ದಕ್ಷಿಣದ ಅರ್ಧ ಖಾಲಿ, ಉತ್ತರದ ಅರ್ಧವೂ ಖಾಲಿ. ದಕ್ಷಿಣದ ಪಿಲ್ಲರ್‌ಗಳ ತಲೆಯಿಂದ ಮಾತ್ರ ಕಬ್ಬಿಣದ ಕಂಬಿಗಳು ಎದ್ದು ನಿಂತಿದ್ದವು. ಮುಂದೆ ಯಾವತ್ತಾದರೂ ಮೇಲೆ ಕಟ್ಟುವವರಿಗಿರಲಿ ಎಂದು ಮೇಸ್ತ್ರಿ ಬಿಟ್ಟ ಕಂಬಿಗಳು.

"ಪ್ಯಾನೆಲ್ ಈ ದಕ್ಷಿಣದ ಕಡೆ ಹಾಕಿದರೆ ಒಳ್ಳೇದಲ್ವಾ?" ಎಂದೆ.

"ಆ ಕಡೆ ಬ್ಯಾಡ ಮೇಡಂ," ಎಂದರು ಮುನಿರತ್ನಮ್ಮ ತಟಕ್ಕನೆ. "ಈ ಉತ್ರದ್ ಕಡೇನೇ ಆಕಿ."

"ಯಾಕೆ?"

"ಅದು ಮಂಜನ್ ಕಡೆ." ಅಷ್ಟು ಹೇಳಿ ಮುಖ ತಿರುಗಿಸಿಕೊಂಡರು. ಕೆಳಗೆ ದಕ್ಷಿಣದ ಕೋಣೆಗಳಲ್ಲಿ ಮೈದುನನ ಸಂಸಾರ, ಉತ್ತರದ ಕೋಣೆಗಳಲ್ಲಿ ಇವರು. ಮನೆ ಪಾಲಾಗಿರಲಿಲ್ಲ. ಆ ಮಾತನ್ನು ಆ ಮನೆಯಲ್ಲಿ ಯಾರೂ ಆಡಿರಲೂ ಇಲ್ಲ. ಆದರೂ ಯಾವುದು ಯಾರ ಕಡೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ನಾನು ಕಂಬಿಗಳ ಹತ್ತಿರ ಹೋಗಿ ನೋಡಿದೆ. ಹತ್ತು ಹದಿನೈದು ವರ್ಷ ಮಳೆ ಬಿಸಿಲಿಗೆ ನಿಂತ ಕಂಬಿ ತುಕ್ಕು ಹಿಡಿದು ಉದುರಬೇಕು. ಇವು ಬೂದು ಬಣ್ಣದಲ್ಲಿ ಗಟ್ಟಿಮುಟ್ಟಾಗಿದ್ದವು. ಯಾರೋ ಸಿಮೆಂಟನ್ನು ತೆಳ್ಳಗೆ ಕಲಸಿ ಅವಕ್ಕೆ ಬಳಿದಿದ್ದರು, ಅದೂ ಈಚೆಗೆ. ಕಟ್ಟುವ ಆಸೆಯಿಲ್ಲದವರು ಕಂಬಿಗೆ ಸಿಮೆಂಟ್ ಹಾಲು ಬಳಿಯುವುದಿಲ್ಲ. ದಕ್ಷಿಣದಲ್ಲಿ ರೂಮು ಎದ್ದರೆ ಚಳಿಗಾಲದುದ್ದಕ್ಕೂ ಉತ್ತರದ ಪ್ಯಾನೆಲ್‌ಗಳು ನೆರಳಿನಲ್ಲಿ. ನಮ್ಮಲ್ಲಿ ಮೋಡವಿಲ್ಲದ ಒಳ್ಳೆಯ ತಿಂಗಳುಗಳೇ ಅವು. ಐದು ವರ್ಷದ ಲೆಕ್ಕ ಎಲ್ಲಿಗೆ ಹೋಗಿ ನಿಲ್ಲುತ್ತದೋ ದೇವರೇ ಬಲ್ಲ.

"ನಿಮ್ಮ ಮೈದುನ ಮೇಲೆ ಏನಾದರೂ ಕಟ್ಟುತ್ತಾರಾ?" ಎಂದು ಕೇಳಿದೆ.

"ನಂಗೊತ್ತಿಲ್ಲ."

"ಕೇಳಿ ನೋಡಿ."

"ಅದೆಂಗೆ ಕೇಳಾದು ಮೇಡಂ? ಮೇಲೆ ಕಟ್ತೀಯಾ ಅಂತ ಕೇಳುದ್ರೆ ಯಾವಾಗ ಬ್ಯಾರೆ ಓಗ್ತೀಯಾ ಅಂತ ಕೇಳ್‌ದಂಗೆ. ನಾನು ಈ ಮನೆಗೆ ಬಂದಾಗ ಅವ್ನು ಚಡ್ಡಿ ಆಕ್ಕಂಡು ಇಸ್ಕೂಲಿಗೆ ಓಗ್ತಿದ್ದ. ನನ್ ಬಾಯಲ್ಲಿ ಆ ಮಾತು ಬರಾಕಿಲ್ಲ."

ಅಂಗಡಿಗೆ ಬಂದು ಸೆಲ್ವರಾಜ್ ಸಾರಿಗೆ ಇಷ್ಟನ್ನೂ ಹೇಳಿದೆ. ಭಾನುವಾರ ಮಂಜುನಾಥ ಮನೆಯಲ್ಲಿದ್ದಾಗ ಹೋಗಿ ಮಾತಾಡಿ ಬರುವ ತನಕ ಅಂದಾಜು ಕೊಡುವುದಿಲ್ಲ ಎಂದೆ. ಅವರು ಕುರ್ಚಿಯಿಂದ ಎದ್ದೇ ಬಿಟ್ಟರು.

"ನೀನು ಪ್ಯಾನೆಲ್ ಮಾರೋಕೆ ಹೋಗ್ತೀಯಾ, ಮನೆ ಪಂಚಾಯ್ತಿ ಮಾಡೋಕೆ ಹೋಗ್ತೀಯಾ? ಕೋಲಾರದ ಕಡೆಯೋರು ಫೋನಲ್ಲೇ ಫೋಟೋ ನೋಡಿ ಅರ್ಧ ಗಂಟೇಲಿ ಅಂದಾಜು ಕಳಿಸ್ತಾರೆ. ನೀನು ಭಾನುವಾರ ಅಂತೀಯಾ."

ಅವರು ಹೇಳಿದ್ದು ಸುಳ್ಳಲ್ಲ. ನಾನು ಶುರು ಮಾಡಿದಾಗ ದಿಕ್ಸೂಚಿ, ಟೇಪು, ಒಂದು ಕೋಲು ಹಿಡಿದು ಹೋಗುತ್ತಿದ್ದೆ. ಈಗ ಆಕಾಶದಿಂದ ತೆಗೆದ ಚಿತ್ರದಲ್ಲಿ ತಾರಸಿಯ ಉದ್ದಗಲ ಸಿಗುತ್ತದೆ, ವರ್ಷವಿಡೀ ನೆರಳು ಹೇಗೆ ಓಡಾಡುತ್ತದೆ ಎಂಬುದನ್ನೂ ತೋರಿಸುತ್ತದೆ. ನಾನೂ ಅದನ್ನು ಕಲಿತೆ, ಖುಷಿಯಿಂದಲೇ ಬಳಸಿದೆ. ಬೇಡ ಎನ್ನುವವರ ಪೈಕಿ ನಾನಲ್ಲ. ಆದರೆ ಅದು ತೋರಿಸುವುದು ಇವತ್ತು ಇರುವ ಗೋಡೆಯ ನೆರಳನ್ನು. ಇನ್ನೂ ಕಟ್ಟದ ಗೋಡೆಯ ಬಗ್ಗೆ ತಿಳಿಯಬೇಕಾದರೆ ಮನೆಯವರನ್ನೇ ಕೇಳಬೇಕು.

"ಸಾರ್, ಇವರ ಪ್ಯಾನೆಲ್ ನೆರಳಿಗೆ ಬಿದ್ದರೆ ಬೂದಿಕೋಟೆ ಕಡೆ ಮತ್ತೆ ನಮ್ಮನ್ನು ಯಾರೂ ಏಣಿ ಹತ್ತಿಸಲ್ಲ," ಎಂದೆ.

"ಹೋಗು, ಏನಾದರೂ ಮಾಡ್ಕೋ," ಎಂದರು. ಅವರ ಬಾಯಲ್ಲಿ ಅದು ಒಪ್ಪಿಗೆ.

ಅದು ಡಿಸೆಂಬರ್. ಭಾನುವಾರ ಬೆಳಿಗ್ಗೆ ಬಸ್ಸಿಳಿದು ಹೋದಾಗ ಎಲ್ಲರೂ ಮನೆಯಲ್ಲಿದ್ದರು. ಮಂಜುನಾಥ ನನ್ನನ್ನು ಕಂಡು ಮುಖ ಗಂಟಿಕ್ಕಿಕೊಂಡ. ಶೋಭಾ ಕಾಫಿ ತಂದಿಟ್ಟು ಬಾಗಿಲ ಮರೆಗೆ ಸರಿದಳು. ನಾನು ಕಟ್ಟುವ ಮಾತೆತ್ತಲಿಲ್ಲ. ಎಲ್ಲರನ್ನೂ ತಾರಸಿಗೆ ಕರೆದೆ. ಮೇವು ಮುಚ್ಚುವ ಟಾರ್ಪಾಲು, ಎರಡು ಬಿದಿರ ಗಳ ತರಿಸಿದೆ. ದಕ್ಷಿಣದ ಅರ್ಧ ಎಲ್ಲಿ ಮುಗಿಯುತ್ತದೋ ಅಲ್ಲಿ ಒಂದು ರೂಮಿನ ಎತ್ತರಕ್ಕೆ ಟಾರ್ಪಾಲನ್ನು ಗೋಡೆಯ ಹಾಗೆ ಎಳೆದು ಕಟ್ಟಿಸಿದೆ. ಅದರ ನೆರಳು ಉತ್ತರದ ಕಡೆ ಪ್ಯಾನೆಲ್ ಕೂರುವ ಜಾಗದ ಅರ್ಧಕ್ಕಿಂತ ಆಚೆಗೆ ಹೋಗಿ ಬಿತ್ತು.

"ಮಧ್ಯಾಹ್ನಕ್ಕೆ ಸರಿಯಾಯ್ತದೆ ಬುಡಿ," ಎಂದರು ನಾರಾಯಣಸ್ವಾಮಿ.

"ಕೂತು ನೋಡೋಣ," ಎಂದೆ.

ಕೂತೆವು. ಬಿಸಿಲು ನೆತ್ತಿಯ ಕಡೆ ಏರಿತು. ನೆರಳು ಪಕ್ಕಕ್ಕೆ ಸರಿಯಿತೇ ಹೊರತು ಹೆಚ್ಚೇನೂ ಹಿಂದಕ್ಕೆ ಬರಲಿಲ್ಲ. ಮುನಿರತ್ನಮ್ಮ ಆ ನೆರಳನ್ನೇ ನೋಡುತ್ತಿದ್ದರು. ಅವರ ಎರಡು ಹಸು ಅಲ್ಲಿ ಮುಳುಗುತ್ತಿದ್ದವು.

ಆಗ ನಾನು ಮಂಜುನಾಥನ ಕಡೆ ತಿರುಗಿ, "ಈ ಕಂಬಿಗೆ ಸಿಮೆಂಟ್ ಹಾಲು ಬಳಿದಿದೀರಲ್ಲ, ಯಾವಾಗ ಕಟ್ಟೋ ಯೋಚನೆ?" ಎಂದು ಕೇಳಿದೆ.

ಅವನು ಕಂಬಿಯನ್ನು ನೋಡಿದ, ನನ್ನನ್ನು ನೋಡಿದ. "ನಾನ್ಯಾಕೆ ಬಳೀಲಿ? ನಾನು ಈ ಕಡೆ ಹತ್ತಿ ಎಷ್ಟೋ ದಿನ ಆಯ್ತು."

"ನಾನೇ ಬಳ್ದಿದ್ದು," ಎಂದರು ನಾರಾಯಣಸ್ವಾಮಿ, ಏನೋ ಕದ್ದು ಸಿಕ್ಕಿಬಿದ್ದವರ ಹಾಗೆ. "ಒರ್ಸೊರ್ಸ ಬಳೀತೀನಿ. ತುಕ್ಕಿಡುದ್ರೆ ಇವ್ನು ಕಟ್ಟೋ ಒತ್ತಿಗೆ ಏನೈತೆ ಅಲ್ಲಿ? ಇಬ್ರು ಎಣ್‌ಮಕ್ಳು ಬೆಳೀತಾವ್ರೆ, ಒಂದ್ ಕೋಣೇಲಿ ಎಷ್ಟ್ ದಿನ ಅಂತ ಇರ್ತಾರೆ. ಬಾಯ್ಬಿಟ್ಟು ಕೇಳ್ಲಿ ಅಂತ ನಾನು ಕಾಯ್ತಿದ್ದೆ."

ನಾನು ತಮ್ಮನೇ ಬಳಿದಿರಬೇಕೆಂದು ಗಟ್ಟಿಯಾಗಿ ನಂಬಿಕೊಂಡು ಬಂದಿದ್ದೆ. ಕಂಬಿ ಓದಲು ಬಂದರೆ ಸಾಲದು, ಬಳಿದ ಕೈ ಯಾರದು ಎಂಬುದನ್ನೂ ಕೇಳಿಯೇ ತಿಳಿಯಬೇಕು. ಇದನ್ನೂ ಬರೆದಿಟ್ಟುಕೊಳ್ಳಿ.

ಮಂಜುನಾಥ ಒಂದು ಕಂಬಿಯನ್ನು ಮುಟ್ಟಿ ನೋಡಿದ. ಆಮೇಲೆ ಹೇಳಿದ್ದು ಇಷ್ಟು: "ಅಣ್ಣ, ನೀನು ಪ್ಯಾನೆಲ್ ಆಕಿಸ್ತಾ ಇರಾದು ನಾನು ಮೇಲೆ ಕಟ್‌ಬಾರ್ದು ಅಂತ ಅಂದ್ಕಂಡಿದ್ದೆ ಕಣಣ್ಣ. ಆಕುಸ್ಬುಟ್ರೆ, ನೆಳ್ಳು ಬೀಳ್ತದೆ ಕಟ್‌ಬ್ಯಾಡ ಅಂತೀಯ. ಅದ್ಕೇ ಒಂದ್ ವಾರದಿಂದ ಬಂಗಾರಪೇಟೇಲಿ ಬಾಡ್ಗೆ ಮನೆ ನೋಡ್ತಾ ಇದ್ದೆ."

"ಬಾಡ್ಗೆ ಮನೆನಾ?" ಎಂದರು ಮುನಿರತ್ನಮ್ಮ. "ನಂಗೆ ಒಂದ್ ಮಾತು ಏಳ್ದೆ?"

"ನೀನೂ ಒಂದ್ ಮಾತು ಕೇಳ್ಲಿಲ್ಲ ಅತ್ಗೆ."

ಶೋಭಾ ಅಳುತ್ತಿದ್ದಳು. ನಾನು ನೆರಳು ತೋರಿಸಲು ಬಂದವಳು. ಇನ್ನು ಒಂದು ವಾರ ತಡವಾಗಿದ್ದರೆ ಆ ಮನೆಯ ಒಂದು ಸಂಸಾರ ಬಂಗಾರಪೇಟೆಯಲ್ಲಿರುತ್ತಿತ್ತು.

ಅಂಗಡಿಯ ಹಿತದ ದೃಷ್ಟಿಯಿಂದ ನಾನು ಆಮೇಲೆ ಹೇಳಿದ್ದು ಶುದ್ಧ ದಡ್ಡತನ. "ಮೊದಲು ರೂಮು ಕಟ್ಟಿ. ಪ್ಯಾನೆಲ್ ಈಗ ಬೇಡ. ರೂಮಿನ ತಾರಸಿ ಮೇಲೆ ಹಾಕೋಣ. ಅದಕ್ಕಿಂತ ಎತ್ತರದ್ದು ಸುತ್ತಮುತ್ತ ಏನೂ ಇಲ್ಲ, ಹೊಸ ಟ್ಯಾಂಕು ಮಾತ್ರ ಗಿಡ್ಡದೇ ಇರಲಿ," ಎಂದೆ. ಮುನಿರತ್ನಮ್ಮ ಹಾಲಿನ ದುಡ್ಡಿಗೆ ಕೈ ಹಚ್ಚದೆ ಇನ್ನಷ್ಟು ದಿನ ಬಿಲ್ಲು ಕಟ್ಟಿಕೊಂಡು ಕಾಯಲು ಒಪ್ಪಿದರು. ಸೆಲ್ವರಾಜ್ ಸಾರ್ ಮೂರು ದಿನ ನನ್ನೊಂದಿಗೆ ಮಾತು ಬಿಟ್ಟರು. ನಾಲ್ಕನೆಯ ದಿನ ತಾವೇ ಚಹಾ ತರಿಸಿಕೊಟ್ಟು, "ಆ ಹಾಲಿನಮ್ಮನ ಮನೆ ರೂಮು ಎಷ್ಟು ಎದ್ದಿದೆ?" ಎಂದು ಕೇಳಿದರು. ಬೈಯುವ ಮೇಲಧಿಕಾರಿಗಳಿಗೆಲ್ಲ ಹೆದರಬೇಕಾಗಿಲ್ಲ. ಬೈದು ಮರೆಯುವವರ ಕೈಕೆಳಗೆ ಕೆಲಸ ಮಾಡುವುದು ಒಂದು ಭಾಗ್ಯ.

ರೂಮು ಮುಂದಿನ ವರ್ಷ ಎದ್ದಿತು. ಮಳೆ ಮುಗಿದ ಮೇಲೆ ನಮಗೆ ಕರೆ ಬಂತು. ನಾನು ನಿವೃತ್ತಳಾಗುವ ಮೊದಲು ಮಾಡಿದ ಕೊನೆಯ ದೊಡ್ಡ ಕೆಲಸ ಅದೇ. ಪ್ಯಾನೆಲ್‌ಗಳು ಮಂಜುನಾಥನ ರೂಮಿನ ನೆತ್ತಿಯ ಮೇಲೆ ಕೂತವು. ಲೈನಿನಿಂದ ಬರುವ ಕರೆಂಟು, ಪ್ಯಾನೆಲ್ಲಿನಿಂದ ಲೈನಿಗೆ ಹೋಗುವ ಕರೆಂಟು ಎರಡಕ್ಕೂ ಲೆಕ್ಕ ಇಡುವ ಹೊಸ ಮೀಟರು ನಾರಾಯಣಸ್ವಾಮಿಯ ಹೆಸರಿನಲ್ಲಿ ಕೆಳಗೆ ಬಂತು. ತಂತಿ ತಮ್ಮನ ಗೋಡೆ ಇಳಿದು ಅಣ್ಣನ ಗೋಡೆ ಸೇರಿತು.

ಕೆಲಸ ಮುಗಿದ ದಿನ ಮನೆಯವರನ್ನು ಕೂರಿಸಿ ಎಲ್ಲವನ್ನೂ ಬಿಡಿಸಿ ಹೇಳುವುದು ನನ್ನ ಪದ್ಧತಿ. ಕೆಟ್ಟ ಸುದ್ದಿಯನ್ನೂ ಅಂದೇ ಹೇಳುತ್ತೇನೆ, ಆಮೇಲೆ ಅವರಿಗೇ ಗೊತ್ತಾಗಲಿ ಎಂದು ಬಿಡುವುದಿಲ್ಲ. ಅವತ್ತೂ ಹೇಳಿದೆ.

"ನೋಡಿ, ಪ್ಯಾನೆಲ್ ಇರೋದು ತಮ್ಮನ ತಲೆ ಮೇಲೆ, ಮೀಟರ್ ಇರೋದು ಅಣ್ಣನ ಹೆಸರಲ್ಲಿ. ಒಟ್ಟಿಗೆ ಇದ್ದರೆ ಐದು ವರ್ಷಕ್ಕೆ ನಿಮ್ಮ ದುಡ್ಡು ವಾಪಸ್. ನಡುವೆ ಮನೆ ಪಾಲಾದರೆ ಇದನ್ನೆಲ್ಲ ಬಿಚ್ಚಬೇಕು, ಮೀಟರ್ ಬೇರೆ ಮಾಡಬೇಕು, ಮತ್ತೆ ಅರ್ಜಿ, ಮತ್ತೆ ಖರ್ಚು. ಆಗ ನಾನು ಹೇಳಿದ ಲೆಕ್ಕ ನಿಲ್ಲಲ್ಲ."

ಆ ಮನೆಯಲ್ಲಿ ಆ ಮಾತನ್ನು ಬಾಯಿಬಿಟ್ಟು ಆಡಿದವಳು ನಾನೇ ಮೊದಲಿರಬೇಕು. ನಾರಾಯಣಸ್ವಾಮಿ ನೆಲ ನೋಡಿದರು. ಶೋಭಾ ಗಂಡನ ಮುಖ ನೋಡಿದಳು. ಮುನಿರತ್ನಮ್ಮ ಮಾತ್ರ ತಲೆಯೆತ್ತಿ ಕೂತಿದ್ದರು.

"ಅಂಗಾದ್ರೆ ಐದೊರ್ಸ ಈ ಮನೇಲಿ ಯಾರೂ ಪಾಲಿನ್ ಮಾತು ಎತ್ತಂಗಿಲ್ಲ," ಎಂದರು. "ಕೇಳುಸ್ತೇನ್ಲಾ ಮಂಜ?"

ಮಂಜುನಾಥ ನಕ್ಕ. "ಕೇಳುಸ್ತು ಅತ್ಗೆ. ಐದೊರ್ಸ ಆದ್ಮೇಲೆ?"

"ಆಮೇಲೆ ಇನ್ನೆಲ್ಡು ಪ್ಯಾನೆಲ್ ಆಕುಸ್ತೀನಿ," ಎಂದರು ಮುನಿರತ್ನಮ್ಮ.